ಇಂಜಿನ್ ಆಮೇಲೆ, ಮೊದಲು ಚೈನು

ಬೈಕಿನ ಇಂಜಿನ್ ಹಾಕಿ ಕಾರು ಕಟ್ಟುತ್ತೇನೆ ಅಂತ ಹೊರಡುವವರಿಗೆ ಈಗ ನಮ್ಮ ಕಡೆ ಬರವಿಲ್ಲ. ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆ ಬಂದರೆ ಇಂಜಿನಿಯರಿಂಗ್ ಕಾಲೇಜುಗಳು ಸಾಲುಸಾಲು. ಅಲ್ಲಿನ ಹುಡುಗರು ನನ್ನ ಲೇತ್ ಅಂಗಡಿಗೆ ಬಂದು ಮೊದಲು ಫೋನ್ ತೆಗೆದು ಇಂಜಿನ್ನಿನ ಫೋಟೋ ತೋರಿಸುತ್ತಾರೆ. ಇಷ್ಟು ಸಿಸಿ, ಇಷ್ಟು ಬಿಎಚ್‌ಪಿ, ಇಷ್ಟಕ್ಕೆ ಸಿಕ್ಕಿತು ಅಂತ ಹೇಳುವಾಗ ಕಣ್ಣು ಹೊಳೆಯುತ್ತಿರುತ್ತದೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಈ ಇಂಜಿನ್ನಿನ ಸಣ್ಣ ಸ್ಪ್ರಾಕೆಟ್ಟಿನಿಂದ ಹಿಂದಿನ ಎರಡು ಚಕ್ರಕ್ಕೆ ಎಳೆತ ಹೋಗುವುದು ಹೇಗೆ? ಅದಕ್ಕೆ ಉತ್ತರ ಇಲ್ಲದವರಿಗೆ ಚಹಾ ಕುಡಿಸಿ ಕಳಿಸುತ್ತೇನೆ. ಅವರ ಪೈಕಿ ಕೆಲವರಾದರೂ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಊರಲ್ಲಿ ನಮ್ಮ ಕಾರಿನ ಬಗ್ಗೆ ಹಬ್ಬಿರುವ ಕಥೆಯಲ್ಲಿ ತಪ್ಪೆಲ್ಲ ನನ್ನ ಮೇಲೆಯೇ ಬಂದು ಕೂತಿದೆ. ಅದಕ್ಕೂ ಉತ್ತರ ಕೊಡಬೇಕಾಗಿದೆ.

ನನ್ನ ಕಸುಬು ಪವರ್‌ಲೂಮ್ ರಿಪೇರಿ. ಮಗ್ಗದ ಶಾಫ್ಟು, ಗೇರು, ಬುಷ್ಷು, ಕೀ ವೇ ಇವೇ ನನ್ನ ದಿನನಿತ್ಯ. ನನ್ನ ಬಾಮೈದನ ಕಸುಬು ಏನು ಅಂತ ಹೇಳುವುದು ಕಷ್ಟ. ದೇವನಹಳ್ಳಿ ಕಡೆ ಮಾವನವರ ದ್ರಾಕ್ಷಿ ತೋಟ ಇತ್ತು. ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ಆ ಸೀಮೆಯ ಮಣ್ಣಿಗೆ ಬಂದ ಬೆಲೆ ಎಲ್ಲರಿಗೂ ಗೊತ್ತು. ತೋಟದಲ್ಲಿ ಒಂದು ತುಂಡು ಲೇಔಟಿಗೆ ಹೋಯಿತು, ಬಾಮೈದನ ಕೈಗೆ ದುಡ್ಡು ಬಂತು. ಇಂಗ್ಲೆಂಡಿನ ಏರಿಯಲ್ ಆಟಂ ಎಂಬ ಬರೀ ಪೈಪಿನ ಅಸ್ಥಿಪಂಜರದ ಕಾರನ್ನು ಅವನು ಫೋನಿನಲ್ಲಿ ನೋಡಿದ. ಅಂಥದ್ದೇ ಬೇಕು, ಇಂಜಿನ್ ಸೀಟಿನ ಹಿಂದೆ ಇರಬೇಕು, ಸದ್ದು ಬೈಕಿನದಾಗಿರಬೇಕು ಅಂತ ಹಟ ಹಿಡಿದ.

ಹಟ ತಪ್ಪಲ್ಲ. ಸಣ್ಣ ಇಂಜಿನ್ನನ್ನು ಹಿಂದೆ ಕೂರಿಸಿ ಗಾಡಿ ಮಾಡುವುದು ನಮ್ಮ ಬೆಂಗಳೂರಿಗೇನು ಹೊಸದಲ್ಲ. 1970ರ ದಶಕದಲ್ಲಿ ಇಲ್ಲಿನ ಸನ್‌ರೈಸ್ ಕಂಪನಿ, ಅಂದರೆ ಮುಂದೆ ಸಿಪಾನಿ ಆದದ್ದು, ‘ಬಾದಲ್’ ಅಂತ ಮೂರು ಚಕ್ರದ ಫೈಬರ್ ಕಾರು ಮಾಡಿ ಮಾರಿತ್ತು. ಹಿಂದೆ 198 ಸಿಸಿಯ ಟೂ-ಸ್ಟ್ರೋಕ್ ಇಂಜಿನ್. ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡದ ಹುಡುಗರು ವರ್ಷಗಳಿಂದ ಫಾರ್ಮುಲಾ ಸ್ಟೂಡೆಂಟ್ ಕಾರು ಕಟ್ಟುತ್ತಾ ಬಂದಿದ್ದಾರೆ. ಆ ಸ್ಪರ್ಧೆಯ ಪೆಟ್ರೋಲ್ ಕಾರುಗಳೆಲ್ಲ ಹೆಚ್ಚುಕಡಿಮೆ ಬೈಕಿನ ಇಂಜಿನ್ನಿನವೇ, ಮಿತಿ 710 ಸಿಸಿ. ಆಗುವ ಕೆಲಸ ಅಂತ ನನಗೂ ಗೊತ್ತಿತ್ತು. ಆದರೆ ಬಾಮೈದ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿಬಿಟ್ಟ. ಆಕ್ಸಿಡೆಂಟ್ ಆಗಿದ್ದ ಕೆಟಿಎಂ ಡ್ಯೂಕ್ 390 ಒಂದನ್ನು ನನ್ನನ್ನು ಕೇಳದೆ ಕೊಂಡು ತಂದು ಅಂಗಡಿ ಮುಂದೆ ಇಳಿಸಿದ. ಜೊತೆಗೆ ಕೆಎ 43 ಅಂತ ಶುರುವಾಗುವ ಒಂದು ನಂಬರ್ ಪ್ಲೇಟನ್ನೂ ಬರೆಸಿಕೊಂಡು ಬಂದಿದ್ದ.

ಇಂಜಿನ್ ಕೆಟ್ಟದ್ದಲ್ಲ. 373 ಸಿಸಿ, ಒಂದೇ ಸಿಲಿಂಡರ್, 9,000 ಆರ್‌ಪಿಎಂ ಹತ್ತಿರ 43 ಕುದುರೆ, ಟಾರ್ಕು 35 ನ್ಯೂಟನ್ ಮೀಟರ್. ಆದರೆ ಆ ಶಕ್ತಿ ಇರುವುದೆಲ್ಲ ಮೇಲ್ಗಡೆ. ಕೆಳಗಿನ ಆರ್‌ಪಿಎಂನಲ್ಲಿ ಎಳೆದರೆ ಕೆಮ್ಮುತ್ತದೆ. ರಾಯಲ್ ಎನ್‌ಫೀಲ್ಡ್ 650ರ ಎರಡು ಸಿಲಿಂಡರ್ ಇಂಜಿನ್ ನೋಡಿ: ಕುದುರೆ ಬರೀ 47, ಆದರೆ ಟಾರ್ಕು 52, ಅದೂ 5,250ರಲ್ಲೇ. ಡ್ಯೂಕೂ ಸವಾರನೂ ಸೇರಿ ಇನ್ನೂರೈವತ್ತು ಕಿಲೋ ಒಳಗೆ. ನಮ್ಮ ಕಾರು ಇಬ್ಬರನ್ನು ಕೂರಿಸಿಕೊಂಡರೆ ಐನೂರು ದಾಟುತ್ತದೆ. ಅಷ್ಟು ತೂಕ ನಿಂತಲ್ಲಿಂದ ಎಬ್ಬಿಸಬೇಕಾದ್ದು ಬೈಕಿನ ಅದೇ ಎಣ್ಣೆಯಲ್ಲಿ ಮುಳುಗಿದ ಪುಟ್ಟ ಕ್ಲಚ್ಚು. ಕೆಳಗಡೆ ಟಾರ್ಕು ಇಲ್ಲದ ಇಂಜಿನ್ ಆದರೆ ಕ್ಲಚ್ಚನ್ನು ಜಾರಿಸಿ ಜಾರಿಸಿಯೇ ಹೊರಡಬೇಕು. ಇದನ್ನೆಲ್ಲ ಹೇಳಿದೆ. “ಭಾವ, ತಂದಾಯ್ತಲ್ಲ” ಅಂದ.

ಸರಿ, ಇಂಜಿನ್ ಬಂತು. ಇನ್ನು ದಾರಿ ಯಾವುದು?

ಒಂದನೆಯದು ಗಟ್ಟಿ ಆಕ್ಸಲ್. ಗೋ-ಕಾರ್ಟಿನಲ್ಲಿ ಇರುವ ಹಾಗೆ ಒಂದೇ ಸರಳು, ಎರಡು ತುದಿಗೆ ಎರಡು ಚಕ್ರ, ನಡುವೆ ಸ್ಪ್ರಾಕೆಟ್ಟು. ಡಿಫರೆನ್ಷಿಯಲ್ ಇಲ್ಲ, ಖರ್ಚಿಲ್ಲ. ಇದಕ್ಕೆ ದೊಡ್ಡ ವಂಶಾವಳಿಯೇ ಇದೆ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಇಂಗ್ಲೆಂಡಿನ ಸರ್ಬಿಟನ್ನಿನಲ್ಲಿ ಚಾರ್ಲ್ಸ್ ಕೂಪರ್ ಮತ್ತು ಮಗ ಜಾನ್ ಕೂಪರ್ ಫಿಯೆಟ್ ಟೋಪೊಲಿನೊ ಕಾರಿನ ಮುಂಭಾಗದ ಸಸ್ಪೆನ್ಷನ್ ಎರಡು ತಂದು ಹಿಂದೆ ಮುಂದೆ ಜೋಡಿಸಿ, 500 ಸಿಸಿಯ ಜೆಎಪಿ ಬೈಕ್ ಇಂಜಿನ್ ಇಟ್ಟು ರೇಸ್ ಕಾರು ಮಾಡಿದರು. ಇಂಜಿನ್ ಸೀಟಿನ ಹಿಂದೆ ಹೋದದ್ದು ಯಾವ ಶಾಸ್ತ್ರ ಓದಿಯೂ ಅಲ್ಲ; ಹಿಂದಿನ ಚಕ್ರಕ್ಕೆ ಚೈನು ಹಾಕಲು ಅದೇ ಸಲೀಸಾದ ಜಾಗ. ಅದೇ ಮನೆತನದ ಕಾರಿನಲ್ಲಿ ಜಾಕ್ ಬ್ರಬಾಮ್ 1959ರಲ್ಲೂ 1960ರಲ್ಲೂ ವಿಶ್ವ ಚಾಂಪಿಯನ್ ಆದ. ಆಮೇಲೆ ಮುಂದೆ ಇಂಜಿನ್ ಇಡುತ್ತಿದ್ದ ದೊಡ್ಡ ದೊಡ್ಡ ಕಂಪನಿಗಳೆಲ್ಲ ಹಿಂದಕ್ಕೆ ತಂದವು. ಚೈನಿನ ಅನುಕೂಲ ಜಗತ್ತನ್ನೇ ತಿರುಗಿಸಿತು ಅನ್ನಿ.

ಎರಡನೆಯದು ಚೈನಿನಿಂದ ಡಿಫರೆನ್ಷಿಯಲ್‌ಗೆ, ಅಲ್ಲಿಂದ ಎರಡು ಡ್ರೈವ್ ಶಾಫ್ಟ್. ಫಾರ್ಮುಲಾ ಸ್ಟೂಡೆಂಟ್‌ನ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ದುಡ್ಡಿದ್ದ ತಂಡಗಳು ಜರ್ಮನಿಯ ಡ್ರೆಕ್ಸ್ಲರ್ ತರಿಸುತ್ತವೆ. ನಮ್ಮಂಥವರು ಮಾರುತಿ 800ರ ಗೇರ್‌ಬಾಕ್ಸ್ ಬಿಚ್ಚಿ, ಒಳಗಿನ ಡಿಫರೆನ್ಷಿಯಲ್ ತೆಗೆದು, ಕ್ರೌನ್ ಗೇರ್ ಕೂರುತ್ತಿದ್ದ ಜಾಗಕ್ಕೆ ಸ್ಪ್ರಾಕೆಟ್ಟು ಬೋಲ್ಟ್ ಮಾಡುತ್ತೇವೆ.

ಮೂರನೆಯದು ಇಂಜಿನ್ನನ್ನು ತೊಂಬತ್ತು ಡಿಗ್ರಿ ತಿರುಗಿಸಿ, ಸ್ಪ್ರಾಕೆಟ್ಟಿನ ಜಾಗದಿಂದ ಪ್ರೊಪೆಲ್ಲರ್ ಶಾಫ್ಟ್ ಎಳೆದು ಓಮ್ನಿ ಆಕ್ಸಲ್ಲಿಗೆ ಕೊಡುವುದು. ಇಂಜಿನ್ ಮುಂದಿದ್ದರೆ ಇದು ಚೆನ್ನ. ಸೀಟಿನ ಹಿಂದಿದ್ದರೆ ಇಂಜಿನ್ನಿಗೂ ಆಕ್ಸಲ್ಲಿಗೂ ನಡುವೆ ಒಂದು ಗೇಣೂ ಸಿಗುವುದಿಲ್ಲ. ಅಷ್ಟು ಗಿಡ್ಡ ಶಾಫ್ಟಿನಲ್ಲಿ ಆಕ್ಸಲ್ ಮೇಲೆ ಕೆಳಗೆ ಆಡಿದಾಗ ಜಾಯಿಂಟಿನ ಕೋನ ವಿಪರೀತವಾಗಿ ಕ್ರಾಸು ಮುರಿಯುತ್ತದೆ.

ನಾಲ್ಕನೆಯದು ತ್ರೀ-ವೀಲರಿನ ಗೇರ್‌ಬಾಕ್ಸು. ಅದರಲ್ಲಿ ಡಿಫರೆನ್ಷಿಯಲ್ಲೂ ಇದೆ, ರಿವರ್ಸೂ ಇದೆ. ಬಾಹಾ ಎಂಬ ಕಾಲೇಜು ಸ್ಪರ್ಧೆಯ ಎಷ್ಟೋ ಹುಡುಗರು ಮಹೀಂದ್ರ ಆಲ್ಫಾದ್ದು ಹಾಕುತ್ತಾರೆ. ಅವರು ಹಾಕಿಕೊಂಡು ಬಂದದ್ದು 305 ಸಿಸಿಯ, 10 ಕುದುರೆಯ ಬ್ರಿಗ್ಸ್ ಇಂಜಿನ್. ನಲವತ್ತಮೂರು ಕುದುರೆಗೆ ಆ ಹಲ್ಲುಗಳು ತಡೆಯುವುದಿಲ್ಲ. ಮೇಲಾಗಿ ಬೈಕ್ ಇಂಜಿನ್ನಿನ ಹೊಟ್ಟೆಯಲ್ಲೇ ಆರು ಗೇರ್ ಇರುವಾಗ ಇನ್ನೊಂದು ಗೇರ್‌ಬಾಕ್ಸು ಹೊತ್ತು ತಿರುಗುವುದು ಯಾಕೆ?

ಐದನೆಯದೊಂದಿದೆ, ಯಾರೂ ಮಾಡುವುದಿಲ್ಲ, ಆದರೆ ನನಗೆ ಬಹಳ ಇಷ್ಟ. ಹೋಂಡಾದವರು 1960ರ ದಶಕದಲ್ಲಿ ಎಸ್500, ಎಸ್600 ಅಂತ ಪುಟ್ಟ ಸ್ಪೋರ್ಟ್ಸ್ ಕಾರು ಮಾಡಿದ್ದರು. ಡಿಫರೆನ್ಷಿಯಲ್ ಮುಂದೆ, ಅಲ್ಲಿಂದ ಪ್ರತಿ ಹಿಂದಿನ ಚಕ್ರಕ್ಕೆ ಒಂದೊಂದು ಚೈನು. ಚೈನು ಇರುವ ಎಣ್ಣೆ ತುಂಬಿದ ಡಬ್ಬಿಯೇ ಸಸ್ಪೆನ್ಷನ್ನಿನ ತೋಳು. ಬೈಕ್ ಮಾಡುವವರ ತಲೆಗೆ ಮಾತ್ರ ಹೊಳೆಯುವ ಉಪಾಯ ಅದು. ಎಸ್800 ಬರುತ್ತಾ ಬರುತ್ತಾ ಅವರೂ ಅದನ್ನು ಬಿಟ್ಟು ಮಾಮೂಲಿ ಆಕ್ಸಲ್ಲಿಗೆ ಬಂದರು.

ಚೈನಿನ ಯಾವ ದಾರಿ ಹಿಡಿದರೂ ಒಂದು ಮಾತು ನೆನಪಿರಲಿ. ಇಂಜಿನ್ ಬೈಕಿನಲ್ಲಿ ಹೇಗೆ ಮುಂದಕ್ಕೆ ಮುಖ ಮಾಡಿ ಕೂತಿತ್ತೋ ಕಾರಿನಲ್ಲೂ ಹಾಗೇ ಕೂರಬೇಕು. ಸೈಲೆನ್ಸರ್ ಪೈಪು ಹಿಂದಕ್ಕೆ ನೇರ ಹೋಗಲಿ ಅಂತ ಹಿಂದುಮುಂದು ಮಾಡಿದರೆ ಕಾರಿಗೆ ಆರು ರಿವರ್ಸ್ ಗೇರ್ ಸಿಗುತ್ತವೆ, ಮುಂದಕ್ಕೆ ಒಂದೂ ಇರುವುದಿಲ್ಲ.

ನಾನು ಹೇಳಿದ್ದು ಎರಡನೆಯ ದಾರಿ. ಮಾರುತಿ 800ರ ಮುಂಭಾಗವನ್ನೇ ಇಡಿಯಾಗಿ ಹಿಂದಕ್ಕೆ ತರೋಣ. ಡಿಫರೆನ್ಷಿಯಲ್, ಡ್ರೈವ್ ಶಾಫ್ಟ್, ಹಬ್ಬು, ಬ್ರೇಕು ಎಲ್ಲ ಒಂದಕ್ಕೊಂದು ಹೊಂದುವಂಥವು, ಶಿವಾಜಿನಗರದ ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ ಅಂದೆ. ಬಾಮೈದನಿಗೆ ಗೋ-ಕಾರ್ಟಿನ ಗಟ್ಟಿ ಆಕ್ಸಲ್ಲೇ ಬೇಕಿತ್ತು. ಹೆಣ್ಣನ್ನು ಕೊಟ್ಟ ಮನೆಯ ಮಾತು, ದುಡ್ಡು ಅವನದು. ಮೊದಲು ಅದನ್ನೇ ಮಾಡಿದೆವು.

ಕಾರ್ಟಿಗೂ ಕಾರಿಗೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಯಿತು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಯಾವುದಾದರೊಂದು ನೆಲಕ್ಕೆ ಉಜ್ಜಿಕೊಂಡೇ ಹೋಗಬೇಕು. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಅದರ ಫ್ರೇಮು ತಿರುಚಿಕೊಂಡು ಒಳಗಿನ ಹಿಂದಿನ ಚಕ್ರವನ್ನು ಕೂದಲೆಳೆಯಷ್ಟು ಎತ್ತುತ್ತದೆ, ಬಚಾವಾಗುತ್ತದೆ. ನಮ್ಮ ಕಾರಿನಲ್ಲಿ ಸ್ಪ್ರಿಂಗುಗಳು ನಾಲ್ಕೂ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿದಿದ್ದವು. ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತಿತ್ತು. ನಾವು ಓಡಿಸುತ್ತಿದ್ದ ಲೇಔಟಿನ ಮೂಲೆ ತಿರುವಿನಲ್ಲಿ ಒಂದು ಸಲ ಜೋರಾಗಿ ತಿರುಗಿಸಿದಾಗ ಬಲಗಡೆ ಹಬ್ಬಿನ ಕೀ ಕತ್ತರಿಸಿಕೊಂಡು ಹೋಯಿತು. ಮುರಿದ ಕೀಯನ್ನು ಅವನ ಅಂಗೈ ಮೇಲಿಟ್ಟೆ. ಗುಜರಿಗೆ ಹೊರಟೆವು.

ಡಿಫರೆನ್ಷಿಯಲ್ಲಿನ ಕೆಲಸ ನನ್ನದು, ಅದರ ಬಗ್ಗೆ ಹೆಮ್ಮೆ ಇದೆ. ಗೇರ್‌ಬಾಕ್ಸಿನಲ್ಲಿ ಅದು ಎಣ್ಣೆಯಲ್ಲಿ ಮುಳುಗಿರುತ್ತದೆ. ಹೊರಗೆ ತೆಗೆದ ಮೇಲೆ ಎಣ್ಣೆ ಎಲ್ಲಿಂದ ಬರಬೇಕು? ಎರಡು ಕಡೆ ಬೇರಿಂಗು, ಆಯಿಲ್ ಸೀಲು ಕೂರುವ ಹಾಗೆ ಅಲ್ಯೂಮಿನಿಯಂ ಗಟ್ಟಿಯಿಂದ ಹೌಸಿಂಗು ಕೊರೆದೆ. ಸ್ಪ್ರಾಕೆಟ್ಟು ಹೊರಗೆ, ಡಿಫರೆನ್ಷಿಯಲ್ ಒಳಗೆ, ತುಂಬಿದ ಎಣ್ಣೆ ಹನಿಯೂ ಸೋರದ ಹಾಗೆ. 800ರ ಎರಡು ಡ್ರೈವ್ ಶಾಫ್ಟು ಒಂದೇ ಉದ್ದ ಇರುವುದಿಲ್ಲ. ಹಾಗಾಗಿ ಡಿಫರೆನ್ಷಿಯಲ್ಲನ್ನು ನಡುಮಧ್ಯಕ್ಕೆ ಇಡದೆ ಒಂದು ಪಕ್ಕಕ್ಕೆ ಸರಿಸಿ, ಚೈನು ನೇರ ಬರುವಂತೆ ಇಂಜಿನ್ನನ್ನೂ ಅಷ್ಟೇ ಸರಿಸಿದೆ. ಕಂಪನಿಯ ಶಾಫ್ಟು ಇದ್ದ ಹಾಗೇ ಕೂತವು.

ಇಂಜಿನ್ ನಡುವೆ ಕೂತಿಲ್ಲ, ಹಿಂದಿನಿಂದ ನೋಡಿದರೆ ಸೊಟ್ಟ ಕಾಣುತ್ತದೆ ಅಂತ ಬಾಮೈದನಿಗೆ ಬೇಜಾರು. ನಾನು ಮದುವೆಗೆ ಅಂತ ಊರಿಗೆ ಹೋಗಿದ್ದಾಗ ಶಾಫ್ಟುಗಳನ್ನು ಪೀಣ್ಯಕ್ಕೆ ಹೊತ್ತುಕೊಂಡು ಹೋಗಿ, ಒಂದೇ ಉದ್ದಕ್ಕೆ ಹೊಸದು ಮಾಡಿಸಿಕೊಂಡು ಬಂದ. ಮಾಡಿಕೊಟ್ಟ ವರ್ಕ್‌ಶಾಪಿನವರು ಇಎನ್24 ಅಂದರು, ಹೀಟ್ ಟ್ರೀಟ್‌ಮೆಂಟ್ ಆಗಿದೆ ಅಂದರು, ಬಿಲ್ಲಿನಲ್ಲೂ ಹಾಗೇ ಬರೆದರು. ಓಡಿಸಿ ಬಿಚ್ಚಿದಾಗ ಸ್ಪ್ಲೈನು ಜಿಲೇಬಿ ಸುತ್ತಿದ ಹಾಗೆ ತಿರುಚಿತ್ತು. ಅರ ಹಾಕಿ ಉಜ್ಜಿ ನೋಡಿದೆ, ಮೆತ್ತಗೆ ಕಡಿಯಿತು. ಬೆಂಕಿಯನ್ನೇ ಕಾಣದ ಕಬ್ಬಿಣ. ಫೋನ್ ಮಾಡಿದರೆ ಓನರ್ ಊಟಕ್ಕೆ ಹೋಗಿದ್ದಾರೆ ಅನ್ನುತ್ತಾರೆ, ಇವತ್ತಿಗೂ ಊಟ ಮುಗಿದಿಲ್ಲ. ಮತ್ತೆ ಹಳೆ ಶಾಫ್ಟು ಹಾಕಿ, ಇಂಜಿನ್ ಸರಿಸಿ, ಕಾರನ್ನು ಮೊದಲಿನ ಹಾಗೆ ಮಾಡಿದೆ.

ಇನ್ನು ಚೈನು. ಇದನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಲೆಕ್ಕ ನೋಡಿ. ಇಂಜಿನ್ನಿನ 35 ನ್ಯೂಟನ್ ಮೀಟರ್ ಪ್ರೈಮರಿ ಗೇರಿನಲ್ಲಿ 2.67 ಪಟ್ಟಾಗುತ್ತದೆ, ಮೊದಲ ಗೇರಿನಲ್ಲಿ ಮತ್ತೆ 2.67 ಪಟ್ಟು, ಸಣ್ಣ ಸ್ಪ್ರಾಕೆಟ್ಟಿಗೆ ಬರುವಾಗ ಸುಮಾರು 250. ಹದಿನೈದು ಹಲ್ಲಿನ ಸ್ಪ್ರಾಕೆಟ್ಟಿನ ತ್ರಿಜ್ಯ 38 ಮಿಲಿಮೀಟರ್. ಅಂದರೆ ಚೈನು ಇಂಜಿನ್ನನ್ನೂ ಡಿಫರೆನ್ಷಿಯಲ್ಲನ್ನೂ ಒಂದರ ಕಡೆಗೊಂದು 650 ಕಿಲೋಗಿಂತ ಹೆಚ್ಚಿನ ಬಲದಲ್ಲಿ ಎಳೆಯುತ್ತದೆ. ಇದು ನಯವಾಗಿ ಹೊರಟರೆ. ಕ್ಲಚ್ಚನ್ನು ದಬಕ್ಕನೆ ಬಿಟ್ಟರೆ ಇನ್ನೆಷ್ಟೋ. ಕಾರಿನ ಇಡೀ ತೂಕಕ್ಕಿಂತ ಹೆಚ್ಚಿನ ಎಳೆತ, ಅದೂ ನಿಮ್ಮ ಬೆನ್ನ ಹಿಂದೆ, ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ.

ಅದಕ್ಕೇ ಫಾರ್ಮುಲಾ ಸ್ಟೂಡೆಂಟ್ ನಿಯಮದಲ್ಲಿ ಚೈನಿನ ಸುತ್ತ ದಪ್ಪದ, ತೂತಿಲ್ಲದ ಉಕ್ಕಿನ ತಗಡು ಇರಬೇಕು, ಅದರ ಅಗಲ ಚೈನಿನ ಅಗಲದ ಮೂರು ಪಟ್ಟು ಇರಬೇಕು ಅಂತ ಇದೆ. ನಾನು ಮೂರು ಮಿಲಿಮೀಟರಿನದು ಹಾಕಿದೆ. ಭಾರ ಜಾಸ್ತಿ, ಚೈನು ಕಾಣುವುದಿಲ್ಲ, ಅಲ್ಯೂಮಿನಿಯಂ ಜಾಲರಿ ಹಾಕು, ನೋಡಲು ಚಂದ ಅಂತ ಬಾಮೈದ. ಅಂಗಡಿ ಬಾಗಿಲು ಹಾಕಿ ಜಗಳ ಆಡಿದೆವು. ತಗಡು ಉಳಿಯಿತು.

ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ಕಾರು ಓಡಿಸಲು ಹೋದದ್ದು ದೇವನಹಳ್ಳಿ ಆಚೆಯ ಅದೇ ಲೇಔಟಿಗೆ. ಅಲ್ಲಿ ಅಂಥವು ಬೇಕಾದಷ್ಟಿವೆ: ಕಮಾನು, ಟಾರು ರಸ್ತೆ, ದೀಪದ ಕಂಬ, ಚರಂಡಿ, ಸೈಟಿನ ನಂಬರ್ ಬರೆದ ಕಲ್ಲು ಎಲ್ಲ ಇದೆ, ಮನೆ ಒಂದೂ ಇಲ್ಲ. ಓನರ್ ಬಾಮೈದನ ಪರಿಚಯದವರು, ಒಪ್ಪಿಗೆ ಇತ್ತು. ಟಾಟಾ ಏಸ್ ಮೇಲಿಂದ ಕಾರು ಇಳಿಸಿದಾಗ ನೋಡುತ್ತೇನೆ, ಹಿಂದಿನ ಸ್ಪ್ರಾಕೆಟ್ಟು ಬದಲಾಗಿದೆ. ನಾನು ಹಾಕಿದ್ದು 45 ಹಲ್ಲಿನದು. ಹಿಂದಿನ ರಾತ್ರಿ ಬಾಮೈದ ಯಾರನ್ನೋ ಕರೆದುಕೊಂಡು ಬಂದು 42ರದು ಕೂರಿಸಿದ್ದ. 12 ಇಂಚಿನ ಚಕ್ರದಲ್ಲಿ 45 ಹಲ್ಲಿಗೆ ಆರನೇ ಗೇರಿನಲ್ಲಿ ಲೆಕ್ಕದ ವೇಗ 124 ಕಿಲೋಮೀಟರ್ ಬರುತ್ತದೆ, 42ಕ್ಕೆ 133. ಅರ್ಧ ಕಿಲೋಮೀಟರೂ ಇಲ್ಲದ ಲೇಔಟ್ ರಸ್ತೆಯಲ್ಲಿ ಆ ಒಂಬತ್ತು ಕಿಲೋಮೀಟರಿಗಾಗಿ ಚೈನು ಬಿಚ್ಚಿ ಮತ್ತೆ ಹಾಕಿದ್ದಾನೆ. ಜಾಯಿಂಟು ರಿವೆಟಿನದಲ್ಲ, ಕ್ಲಿಪ್ಪಿನದು.

ಚೈನ್ ಲಾಕಿನ ಕ್ಲಿಪ್ ಒಂದು ಕಡೆ ಮುಚ್ಚಿರುತ್ತದೆ, ಇನ್ನೊಂದು ಕಡೆ ಸೀಳಿರುತ್ತದೆ. ಮುಚ್ಚಿದ ಕಡೆ ಚೈನು ಓಡುವ ದಿಕ್ಕಿಗಿರಬೇಕು. ಇದು ಸೈಕಲ್ ಅಂಗಡಿ ಹುಡುಗನಿಗೂ ಗೊತ್ತು. ಬಗ್ಗಿ ನೋಡಬೇಕು ಅನ್ನುವಷ್ಟರಲ್ಲಿ ಬಾಮೈದ ಹೆಲ್ಮೆಟ್ ಹಾಕಿ ಬೆಲ್ಟ್ ಬಿಗಿದು ಕೂತಾಗಿತ್ತು. “ಎಲ್ಲ ಚೆಕ್ ಆಗಿದೆ, ಹತ್ತು ಭಾವ” ಅಂದ. ಎಡಗಡೆ ಸೀಟಿನಲ್ಲಿ ಕೂತೆ.

ಮೊದಲ ಸುತ್ತು ನಿಧಾನ. ಕಾರು ಅದ್ಭುತವಾಗಿ ಓಡಿತು, ಅದನ್ನು ಹೇಳಲೇಬೇಕು. ಗಟ್ಟಿ ಆಕ್ಸಲ್ಲಿನಲ್ಲಿ ಮೊಂಡಾಟ ಮಾಡುತ್ತಿದ್ದ ಅದೇ ಮೂಲೆಯಲ್ಲಿ ಮೂಗು ಸಲೀಸಾಗಿ ಒಳಗೆ ತಿರುಗಿತು. ಎರಡನೇ ಸುತ್ತಿಗೆ ಕಮಾನಿನ ಹತ್ತಿರ ನಿಲ್ಲಿಸಿದ. ಆರ್‌ಪಿಎಂ ಏರಿಸಿದ. ಬೇಡ ಅಂತ ಅವನ ತೋಳು ಹಿಡಿದೆ. ಕ್ಲಚ್ಚು ಬಿಟ್ಟ.

ಒಂದು, ಎರಡು. ಎರಡರಿಂದ ಮೂರಕ್ಕೆ ಲಿವರ್ ಎಳೆದ. ಆ ಕ್ಷಣಕ್ಕೆ ಬೆನ್ನ ಹಿಂದೆ ಢಣ್ ಅಂತ ಒಂದು ಏಟು ಬಿತ್ತು. ಸೀಟಿನ ಮೂಲಕ ಸೊಂಟಕ್ಕೇ ಬಂತು ಅದು. ಭಾರ ಕಳಚಿಕೊಂಡ ಇಂಜಿನ್ ಒಮ್ಮೆ ಕಿರುಚಿತು, ಮರುಕ್ಷಣ ಕಚ್ಚಿಕೊಂಡು ನಿಂತಿತು. ತುಂಡಾದ ಚೈನು ಸಣ್ಣ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡು ಸ್ಪ್ರಾಕೆಟ್ಟಿಗೂ ಇಂಜಿನ್ ಕೇಸಿಗೂ ನಡುವೆ ಮುದ್ದೆಯಾಗಿ ಕೂತಿತ್ತು. ಕೇಸು ಸೀಳಿತು. ಬೈಕಿನಲ್ಲಿ ಇಂಜಿನ್ ಎಣ್ಣೆ, ಗೇರ್ ಎಣ್ಣೆ ಎರಡೂ ಒಂದೇ; ಅಷ್ಟೂ ಎಣ್ಣೆ ಎಡ ಹಿಂದಿನ ಟೈರಿನ ಮೇಲೆ ಸುರಿಯಿತು. ಬಾಮೈದ ಬ್ರೇಕ್ ತುಳಿದ. ಬಲಗಡೆ ಟೈರು ಹಿಡಿಯಿತು, ಎಡಗಡೆಯದು ಹಿಡಿಯಲಿಲ್ಲ. ಕಾರು ಗಿರ್ರನೆ ತಿರುಗಿತು. ಕಮಾನು ಕಂಡಿತು, ಕಂಬ ಕಂಡಿತು, ಮತ್ತೆ ಕಮಾನು ಕಂಡಿತು. ಹಿಂಭಾಗ ಒಂದು ಸೈಟುಕಲ್ಲಿಗೆ ಬಡಿದು ನಿಂತಿತು.

ಸದ್ದಿಲ್ಲ. ಆಮೇಲೆ ಚುರ್ ಅನ್ನುವ ಶಬ್ದ. ಕಾದ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಿಳಿ ಹೊಗೆ ನಮ್ಮ ತಲೆ ಮೇಲೆ ಬಂತು. ಪೆಟ್ರೋಲ್ ಟ್ಯಾಂಕು ಅಲ್ಲಿಂದ ಒಂದು ಮೊಳ. ನಾನು ಬೆಲ್ಟ್ ಬಿಚ್ಚಿ ಹೊರಗೆ ಬಿದ್ದೆ. ಬಾಮೈದನ ಬಕಲ್ಲು ಬಿಚ್ಚುತ್ತಿಲ್ಲ, ಕೈ ನಡುಗಿ ತಪ್ಪು ಕಡೆ ಎಳೆಯುತ್ತಿದ್ದಾನೆ. ಅಲ್ಲಿಯವರೆಗೆ ಭಾವ ಅನ್ನುತ್ತಿದ್ದವನು ಅವತ್ತು ಅಣ್ಣಾ ಅಣ್ಣಾ ಅಂತ ಕೂಗಿದ. ನನ್ನ ಸೀಟಿನ ಕೆಳಗೆ ಬೆಂಕಿ ಆರಿಸುವ ಸಿಲಿಂಡರ್ ಇತ್ತು, ಅದನ್ನೂ ಬೇಡ ಅಂದಿದ್ದವನು ಅವನೇ. ಪಿನ್ನು ಕಿತ್ತು ಪೈಪಿನ ಮೇಲೆ ಪೂರಾ ಖಾಲಿ ಮಾಡಿದೆ. ಲೇಔಟಿನ ವಾಚ್‌ಮನ್ ಎಲ್ಲಿಂದಲೋ ಒಂದು ಬಾಂಡ್ಲಿ ಮರಳು ತಂದು ಸುರಿದ. ಬೆಂಕಿ ಹತ್ತಲಿಲ್ಲ. ಬಕಲ್ಲು ನಾನೇ ಬಿಚ್ಚಿ ಅವನನ್ನು ಎಳೆದುಕೊಂಡೆ.

ಆಮೇಲೆ ತಗಡು ನೋಡಿದೆ. ನನ್ನ ಸೊಂಟದ ಎತ್ತರಕ್ಕೆ ಸರಿಯಾಗಿ, ಹೆಬ್ಬೆರಳು ಇಡುವಷ್ಟು ಆಳಕ್ಕೆ ತಗ್ಗು ಬಿದ್ದಿತ್ತು. ತಗ್ಗಿನ ಒಳಗೆ ಚೈನಿನ ಎರಡು ರೋಲರಿನ ಅಚ್ಚು ಮುದ್ರೆ ಒತ್ತಿದ ಹಾಗೆ ಮೂಡಿತ್ತು. ಅಲ್ಯೂಮಿನಿಯಂ ಜಾಲರಿ ಹಾಕಿದ್ದರೆ ಏನಾಗುತ್ತಿತ್ತು ಅಂತ ಬಾಮೈದನಿಗೆ ವಿವರಿಸಬೇಕಾಗಲಿಲ್ಲ.

ಕಾರಣದ ಬಗ್ಗೆ ಇವತ್ತಿಗೂ ಎರಡು ಪಕ್ಷ. ಟಾರಿನ ಮೇಲೆ ಚೈನ್ ಲಾಕಿನ ಹೊರತಗಡು ಸಿಕ್ಕಿತು, ಕ್ಲಿಪ್ ಸಿಗಲಿಲ್ಲ. ಉಲ್ಟಾ ಹಾಕಿದ ಕ್ಲಿಪ್ ಹಾರಿಹೋಗಿದೆ, ಅಷ್ಟೇ. ಬಾಮೈದ ಬೇರೆ ಹೇಳುತ್ತಾನೆ. ಡಿಫರೆನ್ಷಿಯಲ್ ಹಿಡಿದಿರುವ ಬ್ರಾಕೆಟ್ ಬಾಗಿತ್ತಂತೆ, ಚೈನು ಓರೆಯಾಗಿ ಓಡಿ ಲಾಕು ಬಿಟ್ಟಿತಂತೆ. ಬ್ರಾಕೆಟ್ ಮಾಡಿದವನು ನಾನು. ಬ್ರಾಕೆಟ್ ಬಾಗಿತ್ತು, ಸುಳ್ಳಲ್ಲ. ಸೈಟುಕಲ್ಲಿಗೆ ಬಡಿದ ಮೇಲೆ ಯಾವುದು ತಾನೆ ಬಾಗುವುದಿಲ್ಲ? ನೆಂಟರಿಷ್ಟರ ಮನೆಯ ಪ್ರತಿ ಕಾರ್ಯದಲ್ಲೂ ಇದರ ವಿಚಾರಣೆ ನಡೆಯುತ್ತದೆ. ಮೊನ್ನೆ ನಾಮಕರಣದಲ್ಲಿ ನನ್ನ ಹೆಂಡತಿಯೂ ತಮ್ಮನ ಪರ ಸಾಕ್ಷಿ ಹೇಳಿದಳು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಸಂಜೆ ಕಾರನ್ನು ಏಸ್ ಮೇಲೆ ಹೇರಿಕೊಂಡು ಬರುವಾಗ ದಾರಿಯಲ್ಲಿ ತಪಾಸಣೆಯ ಅಧಿಕಾರಿಯೊಬ್ಬರು ಕೈ ಅಡ್ಡ ಹಿಡಿದರು. ಇದು ಯಾವ ಕಂಪನಿ ಗಾಡಿ ಅಂದರು. ಕಂಪನಿ ಇಲ್ಲ ಸಾರ್, ನಾವೇ ಮಾಡಿದ್ದು ಅಂದೆ. ಚಾಸಿಸ್ ನಂಬರ್ ಎಲ್ಲಿ ಅಂದರು. ನಂಬರ್ ಹೊಡೆಯಬೇಕಾದವನು ನಾನೇ ಸಾರ್, ಇನ್ನೂ ಹೊಡೆದಿಲ್ಲ ಅಂದೆ. ನನ್ನದು ಅಧಿಕಪ್ರಸಂಗ ಅನ್ನಿಸಿತೋ ಏನೋ. ಆ ಹೊತ್ತಿಗೆ ಸರಿಯಾಗಿ ಸೀಟಿನ ಮೇಲಿದ್ದ ಬಾಮೈದನ ಕೆಎ 43 ಪ್ಲೇಟು ಅವರ ಕಣ್ಣಿಗೆ ಬಿತ್ತು.

ಕಾನೂನು ಅವರ ಕಡೆ ಇದೆ, ಅದರಲ್ಲಿ ನನ್ನ ತಕರಾರಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಯಾವ ಮಾದರಿಯ ವಾಹನವನ್ನೇ ಆಗಲಿ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆ ಪರೀಕ್ಷಿಸಿ ಒಪ್ಪಬೇಕು. ಒಂದೇ ಒಂದು ಕಾರು ಕಟ್ಟುವ ಲೇತಿನವನಿಗೆ ಅದು ಎಟುಕದ ಮಾತು. ಇರುವ ಗಾಡಿಯ ಆರ್‌ಸಿ ಇಟ್ಟುಕೊಂಡು ಸ್ವರೂಪ ಬದಲಿಸೋಣ ಅಂದರೆ 1988ರ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಚಿತವಾಗಿ ಹೇಳಿತು. ಅದಕ್ಕೇ ನಾವು ರಸ್ತೆಗೆ ಇಳಿಸಿರಲಿಲ್ಲ, ಹೇರಿಕೊಂಡು ಹೋಗುತ್ತಿದ್ದೆವು. ಅವರಿಗೆ ಅದು ಬೇಕಿಲ್ಲ. ಏಸ್ ಡ್ರೈವರನ್ನು ಕತ್ತಲಾಗುವವರೆಗೂ ನಿಲ್ಲಿಸಿಕೊಂಡರು. ನಡುವೆ ಒಮ್ಮೆ ಮೇಲೆ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತು, ಸ್ಟಿಯರಿಂಗ್ ಹಿಡಿದು, ಜೊತೆಯವರ ಕೈಲಿ ಫೋಟೋ ತೆಗೆಸಿಕೊಂಡರು. ಇಳಿದು ಬಂದು, ಸಾಮಾನು ಬಾಡಿಯಿಂದ ಹೊರಗೆ ಚಾಚಿದೆ ಅಂತ ದಂಡ ಬರೆದರು. ಚಾಚಿದ್ದು ಸೈಟುಕಲ್ಲಿಗೆ ಬಡಿದು ಸೊಟ್ಟಗಾದ ಹಿಂದಿನ ಚಕ್ರ.

ಕಟ್ಟಲೇಬೇಕು ಅನ್ನುವವರಿಗೆ ಕೆಲವು ಮಾತು:

ಮೊದಲು ಡಿಫರೆನ್ಷಿಯಲ್, ಹಬ್ಬು, ಶಾಫ್ಟು ಗೊತ್ತು ಮಾಡಿಕೊಳ್ಳಿ. ಇಂಜಿನ್ ಕೊನೆಗೆ ಕೊಳ್ಳಿ. ಶಾಫ್ಟು ಕಂಪನಿಯದೇ ಇರಲಿ, ಅದಕ್ಕೆ ಬೇಕಾದ ಹಾಗೆ ಉಳಿದದ್ದನ್ನು ಸರಿಸಿ.

ಇಂಜಿನ್ನನ್ನೂ ಡಿಫರೆನ್ಷಿಯಲ್ಲನ್ನೂ ಒಂದೇ ಗಟ್ಟಿ ಚೌಕಟ್ಟಿಗೆ ಬಿಗಿಯಿರಿ. ಒಂದಕ್ಕೆ ರಬ್ಬರ್ ಬುಷ್ಷು, ಇನ್ನೊಂದಕ್ಕೆ ಬರೀ ಬೋಲ್ಟು ಹಾಕಿದರೆ ಚೈನು ಓರೆಯಾಗುತ್ತದೆ. ಬಿಗಿ ಮಾಡಲು ಡಿಫರೆನ್ಷಿಯಲ್ ಹಿಂದಕ್ಕೆ ಸರಿಯುವ ಹಾಗಿರಲಿ. ಚೈನ್ ಲಾಕು ರಿವೆಟಿನದೇ ಆಗಲಿ. ತಗಡು ಮೂರು ಮಿಲಿಮೀಟರ್, ಉಕ್ಕಿನದು.

ರಿವರ್ಸ್ ಬೇಕಾದರೆ 800ರ ಸ್ಟಾರ್ಟರ್ ಮೋಟರನ್ನೂ ಫ್ಲೈವೀಲಿನ ರಿಂಗ್ ಗೇರನ್ನೂ ಡಿಫರೆನ್ಷಿಯಲ್ಲಿಗೆ ಜೋಡಿಸಬಹುದು. ಹೋಂಡಾ ಗೋಲ್ಡ್ ವಿಂಗ್ ಬೈಕೂ ಸ್ಟಾರ್ಟರ್ ಮೋಟರಿನಿಂದಲೇ ಹಿಂದಕ್ಕೆ ಹೋಗುತ್ತಿತ್ತು. ಕೆಲವೇ ಸೆಕೆಂಡು ಒತ್ತಿ, ಇಲ್ಲದಿದ್ದರೆ ಸುಟ್ಟುಹೋಗುತ್ತದೆ.

ಬೈಕು ತಿರುವಿನಲ್ಲಿ ವಾಲುತ್ತದೆ, ಎಣ್ಣೆ ತಳದಲ್ಲೇ ಇರುತ್ತದೆ. ಕಾರು ವಾಲುವುದಿಲ್ಲ, ಎಣ್ಣೆ ಒಂದು ಪಕ್ಕಕ್ಕೆ ಓಡಿ ಪಂಪು ಗಾಳಿ ಕುಡಿಯುತ್ತದೆ. ಸಂಪಿನಲ್ಲಿ ಅಡ್ಡತಗಡು ಹಾಕಿಸಿ. ಬೈಕು ಬಿದ್ದರೆ ಇಂಜಿನ್ ಆರಿಸುವ ಸೆನ್ಸರ್ ಒಂದಿರುತ್ತದೆ, ಅದನ್ನು ನೆಟ್ಟಗೆ ಕೂರಿಸಿ. ಮಲಗಿಸಿ ಕಟ್ಟಿದರೆ ಬೆಳಗಿನಿಂದ ಸಂಜೆವರೆಗೆ ಸೆಲ್ಫ್ ಒತ್ತಿದರೂ ಇಂಜಿನ್ ಹಿಡಿಯುವುದಿಲ್ಲ.

ಓಡಿಸುವುದು ಸ್ವಂತ ಜಾಗದಲ್ಲಿ ಅಥವಾ ಟ್ರ್ಯಾಕಿನಲ್ಲಿ ಮಾತ್ರ. ನಂಬರ್ ಪ್ಲೇಟ್ ಬರೆಸಬೇಡಿ.

ಬಾಮೈದ ಈಗ ಹೊಸ ರಾಗ ತೆಗೆದಿದ್ದಾನೆ. ಎಲೆಕ್ಟ್ರಿಕ್ ಮಾಡೋಣ ಭಾವ, ಮೋಟರನ್ನು ಉಲ್ಟಾ ತಿರುಗಿಸಿದರೆ ರಿವರ್ಸ್, ಕ್ಲಚ್ಚಿಲ್ಲ, ಎಣ್ಣೆ ಸೋರುವುದಿಲ್ಲ ಅನ್ನುತ್ತಾನೆ. ಮಾತು ಸರಿಯೇ. ಫ್ರೇಮು ನನ್ನ ಅಂಗಡಿಯ ಹಿಂದೆ ಹಾಗೇ ಇದೆ, ಡಿಫರೆನ್ಷಿಯಲ್ ಹೌಸಿಂಗಿಗೆ ಗೀರೂ ಆಗಿಲ್ಲ. ಆದರೆ ಈ ಸಲ ಮೋಟರ್ ಬರುವ ಮುಂಚೆ ಯಾವ ಶಾಫ್ಟು, ಎಷ್ಟು ಹಲ್ಲಿನ ಸ್ಪ್ರಾಕೆಟ್ಟು, ಯಾರ ಕೈಯಲ್ಲಿ ಲಾಕು ಅನ್ನುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವನ ಸಹಿ ಹಾಕಿಸಿಕೊಂಡಿದ್ದೇನೆ. ಸಾಕ್ಷಿಗೆ ನನ್ನ ಹೆಂಡತಿಯದೂ ಇದೆ.